ನಸುಕಿನ್ಯಾಗ ಗಂಡ ಹೆಂಡ್ತಿ ಇಬ್ರೂ ಮೀನ ಮಾರ್ಕೆಟಿಗೆ: ಸಮುದ್ರ ಇಲ್ಲದ ಬೆಳಗಾವಿಯೊಳಗ ಬೇಗ ಹೋದ್ರ ಫರಕ್ ಬೀಳ್ತೈತೇನು?

ಘಟಪ್ರಭಾ_ದಂಡಿ

ನಮಸ್ಕಾರ್ರಿ ಎಲ್ಲಾರಿಗೂ. ನಾ ಮೂಲ ಬಾಗಲಕೋಟಿ ಕಡೆಯಂವ, ನೌಕರಿ ಸಲುವಾಗಿ ಈಗ ಬೆಳಗಾವಿ ಟಿಳಕವಾಡಿಯೊಳಗ ಅದೇವಿ. ಮದಿವಿ ಆಗಿ ಭಾಳ ದಿವಸ ಏನಾಗಿಲ್ಲ. ನಮ್ಮ ಮನಿಯಾಕಿ ಅಂಕೋಲಾದಾಕಿ, ಸಮುದ್ರದ ಮೀನ ಉಂಡ ಬೆಳದಾಕಿ. ನಮ್ಮ ಮನ್ಯಾಗ ಮೀನ ಅಂದ್ರ ಹೊಳಿ ಮೀನ ಅಷ್ಟ, ರೋಹು, ಕಾಟ್ಲಾ, ಜಿಲೇಬಿ, ಅದೂ ಯಾರರ ಮನಿಮಟ ತಂದ್ರ ತಗೋತಿದ್ವಿ.

ಈಗ ನಮ್ಮಿಬ್ಬರ ನಡುವ ಒಂದ ವಾದ ನಡದೈತಿ. ಆಕಿ ಅಂತಾಳ, "ರೀ, ಕ್ಯಾಂಪ್ ಫಿಶ್ ಮಾರ್ಕೆಟಿಗೆ ಬೆಳಕ ಹರಿಯೂದ್ರೊಳಗ ಇಬ್ರೂ ಹೋಗಿ ಬರ್ವ, ನಾ ಆರಿಸ್ತೆ, ನೀವು ಬರೇ ಬನ್ನಿ" ಅಂತ. ನಾ ಏನಂತೀನಂದ್ರ, ಅಂಕೋಲಾದಾಗ ಸರಿ, ಅಲ್ಲಿ ದೋಣಿ ದಂಡಿಗೆ ಹತ್ತೂ ಹೊತ್ತಿಗೆ ನಿಂತ್ರ ಜೀವಂತ ಮೀನ ಸಿಗ್ತೈತಿ, ಇಲ್ಲಿ ಬರೂದು ಗಾಡಿ, ರಾತ್ರಿ ಪೂರಾ ಐಸನ್ಯಾಗ ಇದ್ದ ಮೀನ ಅದು, ಅದನ್ನ ಮುಂಜಾನೆ ಆರಕ್ಕ ತಗೊಂಡ್ರೇನು ಹತ್ತಕ್ಕ ತಗೊಂಡ್ರೇನು, ಅದ ಮೀನ ಅಲ್ಲೇನ್ರಿ? ಥಂಡಿ ದಿವಸ ಬ್ಯಾರೆ, ಬೆಳಗಾವಿ ಮಂಜು ನಿಮಗ ಗೊತ್ತೈತಿ, ಗಾಡಿ ಮ್ಯಾಲ ಹೋಗೂದಂದ್ರ ಕೈ ಸೆಟದು ಹೋಗ್ತಾವು.

ಆದ್ರ ಆಕಿಗೆ ಇದು ಬರೇ ಸಂತಿ ಮಾಡೂ ಮಾತಲ್ಲ ಅಂತ ನಂಗ ಅನಿಸ್ತೈತಿ. ತವರ್ಮನ್ಯಾಗ ಅವರ ಆಯಿ ಜೋಡಿ ಹೋಗತಿದ್ಳಂತ. ಹಂಗಾಗಿ ಹೋಗೂದಂತೂ ಹೋಗೂದ, ಹೋದಮ್ಯಾಲ ಸುಮ್ಮನ ಚೀಲ ಹಿಡಕೊಂಡ ನಿಲ್ಲೂದಕ್ಕಿಂತ ನಾನೂ ಏನರ ಕಲೀಬೇಕು. ಯಾವ ವಾರ ಹೋದ್ರ ಚಲೋ? ಏನೇನ ನೋಡಬೇಕು? ಗೋವಾ ಮೀನಿಗೆ ಫಾರ್ಮಾಲಿನ್ (ಹೆಣ ಕೆಡದಂಗ ಇಡಾಕ ಬಳಸೂ ರಾಸಾಯನಿಕ) ಹಾಕ್ತಾರ ಅಂತ ಒಮ್ಮಿ ಭಾಳ ಗದ್ದಲ ಆಗಿತ್ತಲ್ಲ, ಅದರದೂ ಗೊತ್ತಿದ್ದವರು ಹೇಳ್ರಿ.

ಖಾನಾಪುರ_ರಸ್ತಾ

ನಮ್ಮ ಮನ್ಯಾಗ ಮೀನಿನ ಗಾಡಿ ಇತ್ರಿ, ಕಾಲೇಜಿನ್ಯಾಗಿದ್ದಾಗ ಕಾಕಾನ ಜೋಡಿ ನಾನೂ ಹೋಗತಿದ್ದೆ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಬೆಳಗಾವಿಗೆ ಮೀನ ಬರೂದು ಒಂದ ಕಡಿಂದ ಅಲ್ಲ. ಗೋವಾದ ಮಾಲಿಮ್, ಕುಟ್ಬಣ ಬಂದರದಿಂದ ಚೋರ್ಲಾ ಘಾಟಿನ್ಯಾಗ ಇಲ್ಲಾ ಅನಮೋಡದ ಮ್ಯಾಲ, ವೆಂಗುರ್ಲಾ ಮಾಲವಣ ಕಡಿಂದ ಆಂಬೋಲಿ ಘಾಟಿನ್ಯಾಗ, ಕಾರವಾರದ ಬೈತಖೋಲದಿಂದ ರಾಮನಗರ ಲೋಂಡಾ ಖಾನಾಪುರದ ಮ್ಯಾಲ. ಎಲ್ಲಿಂದ ಬಂದ್ರೂ ಘಾಟ ಹತ್ತಲೇಬೇಕು, ಅದಕ್ಕ ಸಂಜಿಗೋ ರಾತ್ರಿಗೋ ಲೋಡ್ ಮಾಡಿ ಹೊತ್ತ ಹುಟ್ಟೂದ್ರೊಳಗ ಇಲ್ಲಿ ಇಳಸ್ತಾರ. ಕ್ರೇಟಿನ ಕೆಳಗ ಐಸ್, ನಡುವ ಮೀನ, ಮ್ಯಾಲ ಮತ್ತ ಪುಡಿ ಐಸ್, ಹಿಂಗ ಒಂದರ ಮ್ಯಾಲ ಒಂದ ಹಾಸ್ತಾರ. ಮೀನ ಎಷ್ಟ ತೂಕ ಐತೋ ಅಷ್ಟ ತೂಕದ ಐಸ್ ಬೀಳಬೇಕು ಅನ್ನೂದ ಕಾಕಾನ ಲೆಕ್ಕ, ಐಸ್ ಉಳಸಾಕ ಹೋದಂವ ಮೀನ ಕಳಕೊಂಡ ಅಂತಿದ್ದ.

ಈಗ ನಿಮ್ಮ ಪ್ರಶ್ನೆಕ್ಕ ಬರ್ರಿ. ರಾತ್ರಿ ಪೂರಾ ಐಸನ್ಯಾಗಿದ್ದ ಮೀನ ಮುಂಜಾನೆ ಆರಕ್ಕೂ ಹತ್ತಕ್ಕೂ ಅದ ಅಂತೀರಲ್ಲ, ಖರೆ ಅಲ್ಲ. ಕ್ರೇಟಿನ ಮುಚ್ಚಳ ತೆಗಿಯೂಮಟ ಅದು ಝೀರೋ ಡಿಗ್ರಿ ಹತ್ತರ ಇರ್ತೈತಿ. ಮುಚ್ಚಳ ತಗದಮ್ಯಾಲ ಸಗಟ ಮಾರಾಟ, ಆಮ್ಯಾಲ ಬುಟ್ಟಿ, ಆಮ್ಯಾಲ ಕಟ್ಟಿ ಮ್ಯಾಲ ಹರವಿ ಚಂದಗೆ ಜೋಡಸೂದು, ಗಿರಾಕಿ ಬಂದ ಕಿವಿರ ಎತ್ತಿ ನೋಡೂದು, ಹೊಟ್ಟಿ ಒತ್ತೂದು, ಒಬ್ರ ಕೈಯಿಂದ ಒಬ್ರ ಕೈಗೆ, ನಡನಡುವ ಬಾದಲಿ ನೀರ ಸುರಿಯೂದು. ರಾತ್ರಿ ಐಸನ್ಯಾಗ ಕಳದ ತಾಸಿಗಿಂತ ಕಟ್ಟಿ ಮ್ಯಾಲ ಕಳೀತೈತಲ್ಲ ಆ ತಾಸ ಭಾಳ ವಜ್ಜಿ. ನಸುಕಿನ್ಯಾಗ ಹೋದ್ರ ನಿಮಗ ಸಿಗೂದು ಮುಚ್ಚಳ ತಗದ ಕೂಡ್ಲೆ ಇರೂ ಮೀನ. ನಿಮ್ಮ ಮನಿಯವರು ಅಂಕೋಲಾದ ರೂಢಿ ಹಿಡಕೊಂಡ ಹೇಳಿರಬಹುದು, ಖರೆ ಆ ಮಾತ ನಮ್ಮ ಊರಿಗಿ ಇನ್ನೂ ಜಾಸ್ತಿ ಒಪ್ತೈತಿ.

ದಿವಸ ಕೇಳೀರಿ. ರವಿವಾರ ಬಿಡ್ರಿ, ಗರ್ದಿ ಜಾಸ್ತಿ, ದರ ಮ್ಯಾಲ, ಕಡದ ಕೊಡವರಿಗೂ ಪುರಸೊತ್ತಿಲ್ಲ. ನಮ್ಮ ಕಡೆ ಸೋಮವಾರ, ಗುರುವಾರ, ಶನಿವಾರ ಭಾಳ ಮಂದಿ ವಾರ ಮಾಡ್ತಾರ, ಮೀನ ಮುಟ್ಟಂಗಿಲ್ಲ, ಗಿರಾಕಿ ಕಡಿಮಿ, ಹಂಗಾಗಿ ತರಸೂ ಮಾಲೂ ಕಡಿಮಿ, ಹಿಂದಿನ ದಿವಸದ್ದು ಉಳದಿರೂ ಸಂಭವ ಇರ್ತೈತಿ. ಬುಧವಾರ ಶುಕ್ರವಾರ ನೋಡ್ರಿ, ಮಾಲೂ ಬರ್ತೈತಿ, ನಿಂತ ಮಾತಾಡಾಕ ಟೈಮೂ ಸಿಗ್ತೈತಿ.

ವಡಗಾವಿ_ವೈನಿ

ತಮ್ಮಾ, ಹೆಂಡ್ತಿ ಕರದಾಳ ಅಂದ್ರ ಹೋಗ ಮೊದ್ಲ. ನಾವಿಬ್ರೂ ಇಷ್ಟ ವರ್ಷ ಆದ್ರೂ ಜೋಡೀಲೇ ಹೋಗ್ತೇವಿ, ಇವರಿಗೆ ಬಿಪಿ ಬಂದಮ್ಯಾಲೂ ಬಿಟ್ಟಿಲ್ಲ. ಮೀನ ತರೂದು ಇಬ್ಬರ ಕೆಲಸ ಅನ್ನೂದ ನಾ ಕಂಡಕೊಂಡದ್ದು, ಯಾಕಂದ್ರ ಕೊಂಡಮ್ಯಾಲ ಕಡಿಸಾಕ ಕೊಡ್ತೀರಿ, ಅಲ್ಲಿ ನಿಮ್ಮ ಮೀನಿನ ಮ್ಯಾಲ ಕಣ್ಣಿಟ್ಟ ಒಬ್ರ ನಿಲ್ಲಬೇಕು, ಇನ್ನೊಬ್ರ ಸೀಗಡಿನೋ ತಿಸರಿನೋ (ಚಿಪ್ಪಿನ ಮೀನ) ನೋಡಾಕ ಹೋಗಬೇಕು. ಒಬ್ರ ಹೋದ್ರ ಎರಡೂ ಆಗಂಗಿಲ್ಲ.

ಕಡಿಯೂ ಹತ್ತರ ನಿಲ್ಲೂ ಕೆಲಸ ನಿನಗ ಬರ್ತೈತಿ ಅಂತ ತಿಳಕೋ, ಹಂಗಾರ ಕೇಳಿಲ್ಲೆ. ಬಾಂಗಡಾ ಸಾರಿಗೋ ಹುರಿಯಾಕೋ ಅಂತ ಮೊದಲ ಹೇಳಬೇಕು, ಸಾರಿಗಿ ಅಂದ್ರ ಎರಡ ಮೂರ ತುಂಡ, ಹುರಿಯಾಕಂದ್ರ ಇಡೀದ ಇಟ್ಟ ಮಗ್ಗಲಿಗಿ ಗೀರ ಹಾಕಸೂದು. ಹೊಟ್ಟಿ ಒಳಗಿನ ಕರೀ ಪೊರಿ ತಗಸು, ಕಹಿ ಬರೂದು ಅದರಿಂದ. ಸುರಮಯಿ ಕಡದ ಇಟ್ಟ ತುಂಡ ತಗೋಬ್ಯಾಡ, ಇಡೀ ಮೀನ ನೋಡಿ, ತಲಿ ಬಾಲ ಎಲ್ಲಾ ನೋಡಿ, ಎದುರಿಗೇ ಕಡಸು, ತುಂಡ ಆದಮ್ಯಾಲ ಅದು ಸುರಮಯೀನೋ ಮತ್ತೊಂದೋ ಹೊಸಬರಿಗೆ ಗೊತ್ತಾಗಂಗಿಲ್ಲ. ತಲಿ ಬಿಟ್ಟ ಬರಬ್ಯಾಡ, ಸಾರಿನ ರುಚಿ ಎಲ್ಲಾ ತಲ್ಯಾಗ ಐತಿ. ತೂಕ ಮಾಡೂ ಮುಂದ ಸೀಗಡಿ ನೀರ ಬಸದ ತೂಗ್ರಿ ಅಂತ ಹೇಳು, ಸಿಟ್ಟಾಗಂಗಿಲ್ಲ, ಎಲ್ಲಾರೂ ಕೇಳ್ತಾರ. ತಲಿ ಸಿಪ್ಪಿ ತಗದ್ರ ಸೀಗಡಿ ಹತ್ತಹತ್ತರ ಅರ್ಧ ಆಗ್ತೈತಿ, ಅದನ್ನೂ ಲೆಕ್ಕದಾಗ ಇಟ್ಟಕೊಂಡ ಕೊಳ್ರಿ.

ಅಲ್ಲಿ ಮಾರೂ ಮಾವಶ್ಯಾರಿಗೆ ಗಂಡ ಹೆಂಡ್ತಿ ಜೋಡಿ ಬಂದ್ರ ಬ್ಯಾರೆನ ಮರ್ಯಾದಿ. ಒಮ್ಮಿ ಮುಖ ಪರಿಚಯ ಆತಂದ್ರ ಮುಂದಿನ ಸಲ ಅವರ ಹೇಳ್ತಾರ, ವಹಿನಿ ಇವತ್ತ ಪಾಪ್ಲೆಟ್ ಬ್ಯಾಡ, ತಾರಲೆ ಒಯ್ರಿ ಅಂತ. ಆ ಮಾತ ಯಾವ ಆ್ಯಪ್‌ನ್ಯಾಗೂ ಸಿಗಂಗಿಲ್ಲ. ಹವಾಯಿ ಚಪ್ಪಲ್ ಹಾಕೊಂಡ ಹೋಗ್ರಿ, ನೆಲಾ ಪೂರಾ ಹಸಿ ಇರ್ತೈತಿ.

ಕೊಲ್ಹಾರ_ಮೊಸರು

ಎಲ್ಲಾರೂ ಸಮುದ್ರದ್ದ ಹೇಳಾಕತ್ತೀರಿ, ನಮ್ಮ ಕೃಷ್ಣಾ ಹೊಳಿ ಮೀನಿನ ಪರವಾಗಿ ಯಾರರ ಮಾತಾಡಬೇಕಲ್ಲ, ನಾ ಮಾತಾಡ್ತೀನಿ. ಘಟಪ್ರಭಾ ಅವರ, ನೀವು ಬಾಗಲಕೋಟಿಯವರು, ಆಲಮಟ್ಟಿ ಹಿನ್ನೀರ ನಿಮ್ಮ ಮನಿ ಮುಂದ. ಬೆಳಗಾವಿಗೆ ಹತ್ತರಂದ್ರ ಹಿಡಕಲ್ ಡ್ಯಾಮ್ ಅದ, ಸವದತ್ತಿ ಕಡೆ ನವಿಲುತೀರ್ಥ ಅದ. ಸಂಜಿಕ್ಕ ಬಲಿ ಬಿಟ್ಟ ನಸುಕಿನ್ಯಾಗ ತೆಪ್ಪದ ಮ್ಯಾಲ ಹೋಗಿ ಎತ್ಕೊಂಡ ಬರ್ತಾರ, ದಂಡಿಗೆ ಬಂದಾಗ ಮೀನ ಇನ್ನೂ ಕಿವಿರ ಆಡಸ್ತಿರ್ತದ. ಘಾಟ ಹತ್ತೂದಿಲ್ಲ, ಐಸ ಬೇಕಾಗೂದಿಲ್ಲ. ಬೇಗ ಹೋಗಬೇಕು ಅನ್ನೂ ಮಾತಿಗೆ ಖರೇ ಅರ್ಥ ಅಲ್ಲಿ ಅದ.

ಒಂದ ತಿಳಕೋರಿ, ರೋಹು ಕಾಟ್ಲಾ ಮೃಗಾಲ್ ನಮ್ಮ ಹೊಳ್ಯಾಗ ಹುಟ್ಟಿದ ಜಾತಿ ಅಲ್ಲ, ಗಂಗಾ ಕಡೇವು, ಮರಿ ಬಿಟ್ಟ ಬೆಳಸೂದು, ನಿಂತ ನೀರಾಗ ಅವು ತತ್ತಿ ಇಡೂದಿಲ್ಲ. ಬಾಳಿಮೀನ ಸಿಕ್ರ ಬಿಡಬ್ಯಾಡ್ರಿ, ಅದು ನಮ್ಮದ, ಮುಳ್ಳೂ ಕಡಿಮಿ. ಮಣ್ಣ ವಾಸನಿ ಅಂತ ಸಮುದ್ರದ ಕಡೇವರು ಮೂಗ ಮುರೀತಾರ, ಅದಕ್ಕ ಉಪಾಯ ಅದ, ಅರಿಶಿಣ ಉಪ್ಪ ಹಚ್ಚಿ ಹುಣಸಿ ನೀರಿನ್ಯಾಗೋ ಲಿಂಬಿ ರಸದಾಗೋ ಅರ್ಧ ತಾಸ ಇಟ್ಟ ತೊಳೀರಿ, ಹುಳಿಗೆ ಆ ವಾಸನಿ ಮುರೀತದ. ಆಮ್ಯಾಲ ಬಳ್ಳೊಳ್ಳಿ, ಗುರೆಳ್ಳ, ಕೆಂಪ ಖಾರ ಹಾಕಿ ಗಟ್ಟಿ ಸಾರ ಮಾಡಿ ಬಿಸಿ ಜ್ವಾಳದ ರೊಟ್ಟಿ ಜೋಡಿ ನಿಮ್ಮ ಮನಿಯವರಿಗೆ ಬಡಸ್ರಿ. ಅವರು ನಿಮ್ಮನ್ನ ಕ್ಯಾಂಪಿಗೆ ಕರಕೊಂಡ ಹೋದ್ರ ನೀವು ಅವರನ್ನ ಒಂದ ಮುಂಜಾನೆ ಹಿನ್ನೀರ ದಂಡಿಗೆ ಕರಕೊಂಡ ಹೋಗ್ಬೇಕು. ಇದು ನ್ಯಾಯ.

ಆಹಾರ_ಪಾಠ

ನಾನು ಆಹಾರ ವಿಜ್ಞಾನ ಕಲಿಸೋಳು, ಇಲ್ಲಿ ಒಂದು ವಿಷಯ ಯಾರೂ ಹೇಳಿಲ್ಲ, ಅದು ಮುಖ್ಯ ಅನಿಸ್ತು. ಖಾನಾಪುರ ರಸ್ತಾ ಅವರು ಕಟ್ಟಿ ಮೇಲಿನ ತಾಸಿನ ಬಗ್ಗೆ ಹೇಳಿದ್ದು ಪೂರ್ತಿ ಸರಿ, ಅದಕ್ಕೆ ಲೆಕ್ಕಾನೂ ಇದೆ. ಐಸಲ್ಲಿ ಝೀರೋ ಡಿಗ್ರಿಯಲ್ಲಿರೋ ಮೀನು ಕೆಡೋ ವೇಗಕ್ಕೆ ಹೋಲಿಸಿದ್ರೆ 10 ಡಿಗ್ರಿಯಲ್ಲಿ ಅದು ಸುಮಾರು ನಾಲ್ಕು ಪಟ್ಟು ಬೇಗ ಕೆಡುತ್ತೆ. 10 ಡಿಗ್ರಿ ಅಂದ್ರೆ ನಮಗೆ ಇನ್ನೂ ತಣ್ಣಗೇ ಅನಿಸುತ್ತೆ, ಕೈಗೆ ಗೊತ್ತೇ ಆಗಲ್ಲ.

ಇನ್ನು ಬಾಂಗಡೆ ವಿಷಯ. ಬಾಂಗಡೆ, ತಾರಲೆ, ಸುರಮಯಿ, ಟ್ಯೂನಾ ಈ ಜಾತಿಯವು ಐಸಿಲ್ಲದೆ ಬೆಚ್ಚಗೆ ಬಿದ್ದಿದ್ರೆ ಅದರ ಮಾಂಸದಲ್ಲಿ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ತಯಾರಾಗುತ್ತೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗೋದು, ತಲೆನೋವು, ಮೈ ತುರಿಕೆ, ವಾಂತಿ ಆಗಬಹುದು. ಎಲ್ಲರೂ ನನಗೆ ಮೀನು ಅಲರ್ಜಿ ಅಂತ ತಿಳ್ಕೊಂಡು ಬಿಡ್ತಾರೆ, ಎಷ್ಟೋ ಸಲ ಅದು ಅಲರ್ಜಿ ಅಲ್ಲ, ಸರಿಯಾಗಿ ಐಸಲ್ಲಿ ಇಡದ ಮೀನು. ಮತ್ತೆ ದಯವಿಟ್ಟು ನೆನಪಿಡಿ, ಒಮ್ಮೆ ತಯಾರಾದ ಹಿಸ್ಟಮಿನ್ ಎಷ್ಟು ಕುದಿಸಿದ್ರೂ ಹುರಿದ್ರೂ ಹೋಗಲ್ಲ, ಫ್ರಿಜ್ಜಿಗೆ ಇಟ್ರೂ ಹೋಗಲ್ಲ, ವಾಸನೆಯಿಂದ ಯಾವಾಗಲೂ ಗೊತ್ತೂ ಆಗಲ್ಲ. ಸಂಜೆ ಹೊತ್ತಲ್ಲಿ ಐಸಿಲ್ಲದ ಬುಟ್ಟಿಯಲ್ಲಿರೋ ಬಾಂಗಡೆ ಎಷ್ಟೇ ಅಗ್ಗ ಇದ್ರೂ ಬೇಡ. ಬೇಗ ಹೋಗೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ.

ಫಾರ್ಮಾಲಿನ್ ಗದ್ದಲ ಆಗಿದ್ದು 2018ರ ಜುಲೈನಲ್ಲಿ, ಗೋವಾ ಸರ್ಕಾರ ಹೊರಗಿನ ಮೀನು ತರೋದನ್ನ ಸ್ವಲ್ಪ ದಿನ ನಿಲ್ಲಿಸಿತ್ತು. ಮೀನಿಗೆ ಅದನ್ನ ಹಾಕೋದಕ್ಕೆ ಅನುಮತಿ ಇಲ್ಲವೇ ಇಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕಾಗದದ ಪಟ್ಟಿಯಿಂದ ಪರೀಕ್ಷೆ ಮಾಡೋ ಕಿಟ್ ತಯಾರಿಸಿದೆ. ನೊಣ ಕೂರಲಿಲ್ಲ ಅಂದ್ರೆ ಫಾರ್ಮಾಲಿನ್ ಅಂತ ಜನ ಹೇಳ್ತಾರೆ, ಅದನ್ನ ನಂಬಿ ಕೂರಬೇಡಿ, ನಸುಕಿನ ಚಳಿಯಲ್ಲಿ ಐಸಿನ ಮೇಲೆ ನೊಣ ಹೇಗೂ ಕಡಿಮೆ. ಕಣ್ಣು ಗುಳಿ ಬಿದ್ದು ಮಬ್ಬಾಗಿದೆ, ಕಿವಿರು ಬಿಳಚಿದೆ, ಆದ್ರೆ ಮೈ ಮಾತ್ರ ರಬ್ಬರಿನ ಹಾಗೆ ಬಿಗಿ ಇದೆ, ವಾಸನೆಯೇ ಇಲ್ಲ, ಹೀಗೆ ಒಂದಕ್ಕೊಂದು ತಾಳೆ ಆಗದಿದ್ರೆ ಬಿಟ್ಟುಬಿಡಿ.

ಘಟಪ್ರಭಾ_ದಂಡಿ

ಹೋಗಿ ಬಂದ್ವಿರಿ! ನಿಮ್ಮೆಲ್ಲಾರ ಮಾತ ಓದಿದಮ್ಯಾಲ ವಾದಾ ಮಾಡೂದ ಬಿಟ್ಟ ಬುಧವಾರ ನಸುಕಿನ್ಯಾಗ ಎದ್ದ ಹೊಂಟ್ವಿ. ಮಂಜು ಭಾಳ ಇತ್ತು, ಹಿಂದ ಕುಂತ ಆಕಿ ಸೆರಗ ತಲಿಮ್ಯಾಲ ಹೊದ್ದಕೊಂಡ ದಾರಿ ಪೂರಾ ಇವತ್ತ ಏನ ಬಂದಿರಬಹುದು ಅನ್ನೂದನ್ನ ಹೇಳ್ತಿದ್ಳು.

ಒಳಗ ಹೋದ ಕೂಡ್ಲೆ ಆಕಿ ಕೊಳ್ಳಾಕ ನಿಲ್ಲಲಿಲ್ಲ, ಒಂದ ಸುತ್ತ ಬರೇ ನೋಡಕೋತ ಹೋದ್ಳು, ಯಾರ ಕಟ್ಟಿ ಮುಂದೂ ಕೈ ಚಾಚಲಿಲ್ಲ. ಎರಡನೇ ಸುತ್ತಿಗೆ ಒಬ್ರ ವಯಸ್ಸಾದ ಮಾವಶಿ ಮುಂದ ಕುಕ್ಕರಗಾಲಿಲೆ ಕುಂತ್ಳು. ಅವರು "ಏನ ಬೇಕ್ರಿ ವಹಿನಿ, ಈಗಷ್ಟ ಡಬ್ಬಿ ತಗದೀನಿ" ಅಂದ್ರು, ಥರ್ಮಾಕೋಲ್ ಡಬ್ಬಿ ಮಗ್ಗಲಕ್ಕ ಇತ್ತು, ಅದರಾಗ ಐಸ್ ಇನ್ನೂ ಹರಳ ಹರಳ ಕಾಣ್ತಿತ್ತು. ಆಕಿ ಒಂದ ಬಾಂಗಡಾ ಎತ್ತಿ ತಲಿ ಹಿಡದ ಅಡ್ಡ ಮಾಡಿದ್ಳು, ಬಾಲ ಬಾಗಲಿಲ್ಲ, ನೆಟ್ಟಗ ನಿಂತು. ಹೆಬ್ಬಟ್ಟಿಲೆ ಕಿವಿರ ಎತ್ತಿ ತೋರಿಸಿದ್ಳು, ಒಳಗ ಕೆಂಪಂದ್ರ ಕೆಂಪ, ಲೋಳಿ ಇಲ್ಲ. ಬೆನ್ನಿನ ಮ್ಯಾಲಿನ ಹಸರ ನೀಲಿ ಗೆರಿ ಹೊಳೀತಿದ್ವು. ಆಮ್ಯಾಲ ನನ್ನ ಬಟ್ಟ ಹಿಡದ ಹೊಟ್ಟಿ ಮ್ಯಾಲ ಒತ್ತಿಸಿದ್ಳು, ಒತ್ತಿದ ಕುಳಿ ಕೂಡ್ಲೆ ಎದ್ದ ಬಂತು. ಹಿಂದಿನ ಕಟ್ಟಿ ಮ್ಯಾಲ ಇದ್ದದ್ದನ್ನೂ ಒತ್ತಿ ನೋಡ ಅಂದ್ಳು, ಅಲ್ಲಿ ಕುಳಿ ಹಂಗ ಉಳೀತು. ನಂಗ ಇದಕ್ಕಿಂತ ಚಂದ ಯಾರೂ ತಿಳಿಸಿ ಹೇಳಿಲ್ಲ.

ಚೌಕಾಶಿ ಆಕಿ ಅರ್ಧ ಕೊಂಕಣಿ ಅರ್ಧ ಮರಾಠಿಯೊಳಗ ಮಾಡಿದ್ಳು. ಮಾವಶಿ ವೆಂಗುರ್ಲಾ ಕಡೇವರಂತ, ಅಂಕೋಲಾ ಅಂದ ಕೂಡ್ಲೆ ಇಬ್ರೂ ಮೀನ ಸಾರಿಗೆ ಹಾಕೂ ಮಸಾಲಿ ಜುಮ್ಮನಕಾಯಿ ಬಗ್ಗೆ ಮಾತ ಚಾಲೂ ಮಾಡಿದ್ರು, ಅಲ್ಲಿ ಅದಕ್ಕ ತಿರಫಳ ಅಂತಾರಂತ. ನಾ ವೈನಿಯವರ ಹೇಳಿದಂಗ ಕಡಿಯೂ ಜಾಗಾದಾಗ ನಿಂತೆ, ಕರೀ ಪೊರಿ ತಗಸಿದೆ, ಸಾರಿಗೆ ಬ್ಯಾರೆ ಹುರಿಯಾಕ ಬ್ಯಾರೆ ಮಾಡಸಿದೆ, ಆಕಿ ಅಷ್ಟರೊಳಗ ತಿಸರಿ ತಂದ್ಳು, ಬಾಯಿ ಮುಚ್ಚಿದ್ದನ್ನಷ್ಟ ಒಂದೊಂದ ಆರಿಸಿ. ಮನಿಯಿಂದ ಸ್ಟೀಲ್ ಡಬ್ಬಿ ಒಯ್ದಿದ್ವಿ, ಮಾವಶಿ ಕೇಳದ ಒಂದ ಬೊಗಸಿ ಐಸ್ ಹಾಕಿ ಕೊಟ್ರು.

ಮಧ್ಯಾಹ್ನದ ಊಟ ಹೇಳಾಕ ಹೋದ್ರ ಭಾಳ ಆಗ್ತೈತಿ. ಕಾಯಿ, ಬ್ಯಾಡಗಿ ಮೆಣಸಿನಕಾಯಿ, ಮುರುಗಲ ಸಿಪ್ಪಿ, ಜುಮ್ಮನಕಾಯಿ ಹಾಕಿ ಸಾರ, ನಾಕ ಬಾಂಗಡಾ ರವಾ ಹಚ್ಚಿ ಹುರದದ್ದು. ನಾ ರೊಟ್ಟಿ ಜೋಡಿ ಉಂಡೆ, ಆಕಿ ಕುಚ್ಚಲಕ್ಕಿ ಅನ್ನದ ಜೋಡಿ. ತವರ್ಮನಿ ಬಿಟ್ಟ ಬಂದಮ್ಯಾಲ ಆಕಿ ಎರಡನೇ ಸಲ ಹಾಕಿಸಿಕೊಂಡ ಉಂಡದ್ದು ನಾ ನೋಡಿದ್ದು ಅವತ್ತ. ಕೊಲ್ಹಾರದವರ, ನಿಮ್ಮ ಮಾತೂ ಆಕಿಗೆ ಓದಿ ಹೇಳೀನಿ, ಹಿನ್ನೀರ ದಂಡಿಗೆ ಬರ್ತೀನಿ, ಬಾಳಿಮೀನ ತೋರಸಬೇಕು ಅಂದಾಳ.

ಇನ್ನೊಂದ ಕೇಳೂದಿತ್ತು, ಮಳಿಗಾಲದಾಗ ಹೆಂಗ್ರಿ? ಆಗ ಸಮುದ್ರದ ಮೀನ ಬಿಟ್ಟಬಿಡೂದ?

ಖಾನಾಪುರ_ರಸ್ತಾ

ಭಾಳ ಖುಷಿ ಆತ್ರಿ ಓದಿ. ಮಳಿಗಾಲದ್ದು ಹೇಳ್ತೀನಿ. ಜೂನ್ 1ರಿಂದ ಜುಲೈ 31ರಮಟ, 61 ದಿವಸ, ನಮ್ಮ ಪಶ್ಚಿಮ ಕರಾವಳಿಯೊಳಗ ಯಾಂತ್ರಿಕ ಬೋಟಿಗೆ ಬಂದಿ ಇರ್ತೈತಿ. ಮೀನ ಮರಿ ಮಾಡೂ ಕಾಲ ಅದು, ಸಮುದ್ರನೂ ಸರಿ ಇರಂಗಿಲ್ಲ. ಸಣ್ಣ ನಾಡದೋಣಿಯವರದು ಸ್ವಲ್ಪ ಬರ್ತೈತಿ, ದರ ಕೈಗೆ ಹತ್ತಂಗಿಲ್ಲ. ಆಗ ಕಾಣೂ ದೊಡ್ಡ ಸುರಮಯಿ ಪಾಪ್ಲೆಟ್ ಭಾಳಷ್ಟ ದೂರದಿಂದ ಬಂದದ್ದು ಇಲ್ಲಾ ಕೋಲ್ಡ್ ಸ್ಟೋರೇಜಿಂದು, ಕೇಳಿ ತಗೋರಿ. ಆ ಎರಡ ತಿಂಗಳ ಒಣ ಮೀನ ತಿನ್ನೂ ಕಾಲ, ಒಣ ಸೀಗಡಿ, ಒಣ ಬಾಂಗಡಾ, ಬೊಂಬಿಲ, ಎಲ್ಲಾ ಮೇ ತಿಂಗಳದಾಗ ಬಿಸಲಿದ್ದಾಗ ತಂದ ಡಬ್ಬಿ ತುಂಬಿ ಇಡ್ತಾರ. ನಿಮ್ಮ ಮನಿಯವರಿಗೆ ಗೊತ್ತಿರ್ತೈತಿ.

ಅಗಸ್ಟದಾಗ ಬೋಟ ಇಳೀತಾವು, ನೂಲಹುಣ್ಣಿವಿಗೆ ಕೊಂಕಣದಾಗ ಸಮುದ್ರಕ್ಕ ತೆಂಗಿನಕಾಯಿ ಬಿಡ್ತಾರ. ಆದ್ರ ಆಗ ನಮ್ಮ ಊರಾಗ ಶ್ರಾವಣ, ಅರ್ಧಕ್ಕಿಂತ ಹೆಚ್ಚ ಮಂದಿ ಮೀನ ಮುಟ್ಟಂಗಿಲ್ಲ. ನೀವು ಶ್ರಾವಣ ಹಿಡಿಯಂಗಿಲ್ಲಂದ್ರ ಮಾರ್ಕೆಟಿಗೆ ಹೋಗಾಕ ಅದಕ್ಕಿಂತ ಚಲೋ ಟೈಮ್ ಇಲ್ಲ, ಹೊಸಾ ಮೀನ, ಗರ್ದಿ ಇಲ್ಲ, ದರಾನೂ ಇಳದಿರ್ತೈತಿ. ಮಳ್ಯಾಗ ಘಾಟಿನ್ಯಾಗ ಮಣ್ಣ ಕುಸದ್ರ ಗಾಡಿ ತಡ ಆಗ್ತಾವು, ಹಂಗಾಗಿ ಹೊಂಡೂ ಮೊದ್ಲ ಆ ಮಾವಶಿಯವರ ಫೋನ್ ನಂಬರ್ ಇದ್ರ ಒಮ್ಮಿ ಕೇಳಿ ಹೊಂಡ್ರಿ.

ವಡಗಾವಿ_ವೈನಿ

ತಿಸರಿ ತಂದೀರಿ ಅಂತ ಓದಿದೆ ತಮ್ಮಾ. ಮುಂದಿನ ಸಲ ತಂದ ಕೂಡ್ಲೆ ಉಪ್ಪ ನೀರಿನ್ಯಾಗ ಒಂದೆರಡ ತಾಸ ಇಡ್ರಿ, ಉಸುಕ ಬಿಡ್ತಾವು. ಬೇಯಿಸಿದಮ್ಯಾಲ ಬಾಯಿ ತಗೀಲಿಲ್ಲಂದ್ರ ಅಂಥಾವನ್ನ ತಿನ್ನಬ್ಯಾಡ್ರಿ, ಚೆಲ್ಲಿಬಿಡ್ರಿ.